ಪ್ರಜೆಯೋ, ಪೌರನೋ?

ವರ್ಷಕ್ಕೆ ಮೂರು ದಿನ ನಮ್ಮ ಹೊಳಗುಂದ, ಆಲೂರು, ಆದವಾನಿ ಸೀಮೆಯ ಕನ್ನಡ ಶಾಲೆಗಳಲ್ಲಿ ದೇಶಭಕ್ತಿಯ ಮಾತು ಕೇಳಿಬರುತ್ತದೆ. ಆಗಸ್ಟ್ 15ರಂದು ಸ್ವಾತಂತ್ರ್ಯದ ಹೆಸರಿನಲ್ಲಿ, ಜನವರಿ 26ರಂದು ಗಣರಾಜ್ಯದ ಹೆಸರಿನಲ್ಲಿ, ನವೆಂಬರ್ 1ರಂದು ತಾಯ್ನುಡಿಯ ಹೆಸರಿನಲ್ಲಿ. ಆ ದಿನಗಳಂದು ಬಾವುಟ ಏರುತ್ತದೆ, ಮಕ್ಕಳು ಸಾಲುಗಟ್ಟಿ ನಿಲ್ಲುತ್ತಾರೆ, ಊರಿನ ಗಣ್ಯರು ಮಾತನಾಡುತ್ತಾರೆ, ಪೆಪ್ಪರಮೆಂಟು ಹಂಚುತ್ತಾರೆ. ಇದರಲ್ಲಿ ನಾವು ತಪ್ಪೆಣಿಸುವುದಿಲ್ಲ. ಹಬ್ಬವಿಲ್ಲದ ಭಕ್ತಿ ಬಹುಕಾಲ ಬಾಳದು. ಆದರೆ ಉಳಿದ 362 ದಿನಗಳ ಲೆಕ್ಕವನ್ನು ಯಾರಾದರೂ ಕೇಳಬೇಕಲ್ಲವೆ? ಆ ದಿನಗಳಲ್ಲಿ ನಮ್ಮವರ ದೇಶಭಕ್ತಿ ಎಲ್ಲಿ ವಾಸವಾಗಿರುತ್ತದೆ, ಏನು ಕೆಲಸ ಮಾಡುತ್ತದೆ ಎಂಬುದೇ ಈ ಲೇಖನದ ಪ್ರಶ್ನೆ.

ಉಪಾಧ್ಯಾಯ ಬಂಧುಗಳಿಗೆ ಒಂದು ಮಾತಿನ ಅರ್ಥವನ್ನು ನೆನಪು ಮಾಡಿಕೊಟ್ಟು ಮುಂದುವರಿಯುತ್ತೇವೆ. 'ಪ್ರಜೆ' ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಸಂತಾನವೆಂದೂ ಅರ್ಥವುಂಟು. ಅರಸನು ತಂದೆ, ಆಳಿಸಿಕೊಳ್ಳುವವರು ಮಕ್ಕಳು ಎಂಬ ಭಾವನೆ ಆ ಶಬ್ದದ ಬೇರಿನಲ್ಲಿದೆ. ತಂದೆ ಒಳ್ಳೆಯವನಾದರೆ ಮಕ್ಕಳಿಗೆ ಊಟ, ಕೆಟ್ಟವನಾದರೆ ಪೆಟ್ಟು. ಎರಡರಲ್ಲಿಯೂ ಮಕ್ಕಳ ಕೈಯಲ್ಲಿರುವುದು ಏನೂ ಇಲ್ಲ. 'ಪೌರ' ಎಂಬುದು ಪುರದಿಂದ ಬಂದ ಮಾತು. ಪುರ ಅವನದು, ಅದರ ಬೀದಿ, ಬಾವಿ, ಶಾಲೆ, ಚಾವಡಿ ಎಲ್ಲಕ್ಕೂ ಅವನು ಹೊಣೆ. ನಮ್ಮ ಪಠ್ಯಪುಸ್ತಕಗಳಲ್ಲಿ ಎರಡು ಶಬ್ದಗಳನ್ನೂ ಒಂದರ ಬದಲಿಗೆ ಇನ್ನೊಂದೆಂಬಂತೆ ಬಳಸುತ್ತಾರೆ. 1950ರ ಜನವರಿ 26ರಂದು ಕಾನೂನು ನಮ್ಮನ್ನು ಪೌರರನ್ನಾಗಿ ಮಾಡಿತು. ಆದರೆ ನಡೆವಳಿಕೆಯಲ್ಲಿ ನಮ್ಮ ಬಹುಪಾಲು ಜನ ಪ್ರಜೆಗಳಾಗಿಯೇ ಉಳಿದಿದ್ದಾರೆ ಎಂಬುದು ನಮ್ಮ ಆಪಾದನೆ. ಇದನ್ನು ಊರೂರಿನ ಉದಾಹರಣೆಗಳಿಂದಲೇ ತೋರಿಸಬೇಕಾಗಿದೆ.

ಮೊದಲು ನಾವು ಇಲ್ಲಿಗೆ ಬಂದ ಬಗೆಯನ್ನು ತಿಳಿಯೋಣ. 'ಬಂದ' ಎಂಬ ಮಾತೇ ಸರಿಯಲ್ಲ. ನಾವು ಎಲ್ಲಿಂದಲೂ ಬಂದವರಲ್ಲ. ಹಿಂದೆ ಈ ಸೀಮೆಯೆಲ್ಲ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಕರ್ನೂಲನ್ನು ರಾಜಧಾನಿಯಾಗಿ ಮಾಡಿಕೊಂಡು ಆಂಧ್ರ ರಾಜ್ಯ ಹುಟ್ಟಿದಾಗ ಆ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿಯೂ ಸೇರಿ ಉಳಿದ ಏಳು ತಾಲ್ಲೂಕುಗಳು ಮೈಸೂರಿಗೆ ಹೋದವು. ಆದವಾನಿ, ಆಲೂರುಗಳು ಕರ್ನೂಲು ಜಿಲ್ಲೆಗೂ ರಾಯದುರ್ಗ ಅನಂತಪುರ ಜಿಲ್ಲೆಗೂ ಪಾಲಾದವು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳ ಮರುವಿಂಗಡಣೆ ನಡೆದಾಗಲೂ ಈ ಗೆರೆ ಅಲುಗಲಿಲ್ಲ. ಮನೆ ಕದಲಲಿಲ್ಲ, ಹೊಲ ಕದಲಲಿಲ್ಲ, ಬೀಗರು ಬಿಜ್ಜರು ಕದಲಲಿಲ್ಲ. ಗಡಿಯೊಂದು ಮನೆಯ ಹಿತ್ತಿಲಲ್ಲಿ ಬಂದು ನಿಂತಿತು.

ಆ ಗೆರೆಗಾಗಿ ಎರಡು ಕಡೆಯೂ ಜನ ಪ್ರಾಣ ತೆತ್ತರು. ಆಂಧ್ರ ರಾಜ್ಯಕ್ಕಾಗಿ ಉಪವಾಸ ಕುಳಿತ ಪೊಟ್ಟಿ ಶ್ರೀರಾಮುಲು ಅವರು 1952ರ ಡಿಸೆಂಬರ್ 15ರಂದು ಮದರಾಸಿನಲ್ಲಿ ತೀರಿಕೊಂಡರು. ಬಳ್ಳಾರಿ ಮೈಸೂರಿಗೆ ಸೇರುವ ಸಂಭ್ರಮಕ್ಕೆ ಹಾಕಿದ್ದ ಚಪ್ಪರವನ್ನು ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬರು ಆಮ್ಲದ ದಾಳಿಗೆ ತುತ್ತಾಗಿ ಪ್ರಾಣ ಬಿಟ್ಟರು. ಒಬ್ಬರು ತೆಲುಗಿಗಾಗಿ, ಒಬ್ಬರು ಕನ್ನಡಕ್ಕಾಗಿ. ಇಬ್ಬರ ಭಾವಚಿತ್ರವನ್ನೂ ಒಂದೇ ಗೋಡೆಯ ಮೇಲೆ ತೂಗುಹಾಕುವ ಹೃದಯವೈಶಾಲ್ಯ ಗಡಿನಾಡಿನವರಿಗೆ ಬಾರದಿದ್ದರೆ ಇನ್ನು ಯಾರಿಗೆ ಬಂದೀತು? ನುಡಿಗಾಗಿ ಜೀವವನ್ನೇ ಕೊಟ್ಟವರಿದ್ದಾರೆ. ಈ ಲೇಖನದಲ್ಲಿ ನಾವು ಓದುಗರಿಂದ ಬೇಡುವುದು ತಿಂಗಳಿಗೆ ಕೆಲವು ತಾಸುಗಳನ್ನು ಮಾತ್ರ.

ಗಡಿ ಬಂದ ಅನಂತರ ನಮ್ಮಲ್ಲಿ ಎರಡು ಬಗೆಯ ಮಾತು ಬೆಳೆಯಿತು. ಎರಡನ್ನೂ ನಾವು ಖಂಡಿಸುತ್ತೇವೆ.

ಮೊದಲನೆಯದು ಹೊರಗಿನವರ ಮಾತು. "ಆಂಧ್ರದ ಅನ್ನ ಉಂಡು ಕನ್ನಡದ ಹಾಡು ಹಾಡುವಿರಲ್ಲ, ನಿಮ್ಮ ನಿಷ್ಠೆ ಯಾವ ಕಡೆಗೆ?" ಎಂದು ಕೆಲವರು ಕೇಳುವರು. ಹೀಗೆ ಕೇಳುವವರು ಸಂವಿಧಾನದ ಎರಡನೆಯ ಭಾಗವನ್ನು ಓದಿಲ್ಲ. ಭಾರತದಲ್ಲಿ ಪೌರತ್ವವೆಂಬುದು ಒಂದೇ. ಆಂಧ್ರ ಪೌರತ್ವವೆಂದಾಗಲಿ ಕರ್ನಾಟಕ ಪೌರತ್ವವೆಂದಾಗಲಿ ಬೇರೆ ವಸ್ತುವಿಲ್ಲ. ನಾವು ಕಟ್ಟುವ ತೆರಿಗೆ, ಹಾಕುವ ಮತ, ಪಾಲಿಸುವ ಕಾಯಿದೆ ಇವು ಆಂಧ್ರ ಪ್ರದೇಶದಲ್ಲಿ ವಾಸಿಸುವ ಭಾರತೀಯ ಪೌರರವು. ನಾವು ಆಡುವ ನುಡಿ ನಮ್ಮ ತಾಯಿಯದು. ಇವೆರಡಕ್ಕೂ ಜಗಳ ಹಚ್ಚುವುದು ತಂದೆಯ ಪರವೋ ತಾಯಿಯ ಪರವೋ ಎಂದು ಮಗುವನ್ನು ಪೀಡಿಸಿದಂತೆ. ಪ್ರತ್ಯೇಕವಾದ ಭಾಷೆ, ಲಿಪಿ, ಸಂಸ್ಕೃತಿಗಳನ್ನುಳ್ಳ ಯಾವುದೇ ಪೌರಸಮೂಹಕ್ಕೆ ಅವುಗಳನ್ನು ಕಾಪಾಡಿಕೊಳ್ಳುವ ಹಕ್ಕಿದೆಯೆಂದು 29ನೆಯ ಅನುಚ್ಛೇದ ಹೇಳುತ್ತದೆ. ತಾಡಪತ್ರಿಯಲ್ಲಿ ಹುಟ್ಟಿ ಬಳ್ಳಾರಿಯಲ್ಲಿ ವಕೀಲಿ ಮಾಡಿದ ನಟ ಬಳ್ಳಾರಿ ರಾಘವರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ರಂಗವೇರಿದರು. ಅವರ ನಿಷ್ಠೆ ಯಾವ ಕಡೆಗೆಂದು ಕೇಳುವ ಧೈರ್ಯ ಯಾರಿಗೂ ಬಂದಂತಿಲ್ಲ.

ಎರಡನೆಯದು ನಮ್ಮವರದೇ ಮಾತು. ಇದು ಹೆಚ್ಚು ಅಪಾಯಕರವಾದದ್ದು. "ನಾವು ಅನಾಥರು. ಅತ್ತ ಬೆಂಗಳೂರು ನಮ್ಮನ್ನು ಮರೆಯಿತು, ಇತ್ತ ಸರ್ಕಾರ ನಮ್ಮನ್ನು ಕಾಣದು. ನಾವೇನು ಮಾಡಬಲ್ಲೆವು?" ಎಂಬುದು ಆ ಮಾತು. ಕೇಳುವುದಕ್ಕೆ ಕರುಣಾಜನಕವಾಗಿದೆ. ಸಭೆಯಲ್ಲಿ ಚಪ್ಪಾಳೆಯೂ ಬೀಳುತ್ತದೆ. ಆದರೆ ಇದು ಪ್ರಜೆಯ ಮಾತು, ಪೌರನದಲ್ಲ. ಅನಾಥನೆಂದರೆ ನಾಥನಿಲ್ಲದವನು ತಾನೆ? ಗಣರಾಜ್ಯದಲ್ಲಿ ಯಾವ ಪೌರನಿಗೆ ನಾಥನಿದ್ದಾನೆ? 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್ ಅವರು ಎಚ್ಚರಿಸಿದ್ದನ್ನು ನಮ್ಮ ಮೇಲ್ತರಗತಿಯ ವಿದ್ಯಾರ್ಥಿಗಳಾದರೂ ತಿಳಿದಿರಬೇಕು. ಸ್ವಾತಂತ್ರ್ಯ ಬಂದುದರಿಂದ ಕೆಟ್ಟದ್ದಕ್ಕೆಲ್ಲ ಬ್ರಿಟಿಷರನ್ನು ದೂರುವ ಅನುಕೂಲ ನಮಗೆ ತಪ್ಪಿತು, ಇನ್ನು ಮುಂದೆ ಕೆಟ್ಟರೆ ನಮ್ಮನ್ನೇ ನಾವು ದೂರಿಕೊಳ್ಳಬೇಕು ಎಂಬುದು ಅವರ ಮಾತಿನ ತಾತ್ಪರ್ಯ. ಗಡಿನಾಡಿನ ನಮ್ಮವರು ಬ್ರಿಟಿಷರ ಜಾಗದಲ್ಲಿ ಬೇರೆ ಹೆಸರುಗಳನ್ನಿಟ್ಟು ದೂರುವ ಅನುಕೂಲವನ್ನು ಇನ್ನೂ ಉಳಿಸಿಕೊಂಡಿದ್ದಾರೆ.

"ಏನು ಮಾಡಬಲ್ಲೆವು" ಎಂಬ ಪ್ರಶ್ನೆಗೆ ಉತ್ತರ ಸಂವಿಧಾನದಲ್ಲಿಯೇ ಇದೆ. 350ನೆಯ ಅನುಚ್ಛೇದದ ಪ್ರಕಾರ ಯಾವುದೇ ವ್ಯಕ್ತಿ ತನ್ನ ಕುಂದುಕೊರತೆಯ ಪರಿಹಾರಕ್ಕಾಗಿ, ಒಕ್ಕೂಟದ ಅಧಿಕಾರಿಗೆ ಒಕ್ಕೂಟದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ, ರಾಜ್ಯದ ಅಧಿಕಾರಿಗೆ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಮನವಿ ಸಲ್ಲಿಸಬಹುದು. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350-ಎ ಅನುಚ್ಛೇದ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಕಲಿಸಲು ತಕ್ಕ ಸೌಕರ್ಯ ಒದಗಿಸುವುದು ಪ್ರತಿಯೊಂದು ರಾಜ್ಯದ ಮತ್ತು ಪ್ರತಿಯೊಂದು ಸ್ಥಳೀಯ ಸಂಸ್ಥೆಯ ಪ್ರಯತ್ನವಾಗಬೇಕೆಂದು ವಿಧಿಸುತ್ತದೆ. 'ಸ್ಥಳೀಯ ಸಂಸ್ಥೆ' ಎಂಬ ಮಾತನ್ನು ಓದುಗರು ಅಡಿಗೆರೆ ಹಾಕಿ ಓದಬೇಕು. ಪಂಚಾಯತಿ ಕೂಡ ಇದಕ್ಕೆ ಬಾಧ್ಯವಾಗಿದೆ. ಆ ಪಂಚಾಯತಿಯಲ್ಲಿ ಕುಳಿತಿರುವವರು ನಮ್ಮ ಓಣಿಯವರೇ ಅಲ್ಲವೆ? ಅದೇ ತಿದ್ದುಪಡಿಯ 350-ಬಿ ಅನುಚ್ಛೇದದಿಂದ ಭಾಷಾ ಅಲ್ಪಸಂಖ್ಯಾತರ ವಿಷಯಕ್ಕೆಂದೇ ವಿಶೇಷಾಧಿಕಾರಿಯ ಸ್ಥಾನ ಏರ್ಪಟ್ಟಿತು. ಅವರನ್ನೇ ಭಾಷಾ ಅಲ್ಪಸಂಖ್ಯಾತರ ಆಯುಕ್ತರೆನ್ನುತ್ತಾರೆ. ಕನ್ನಡ ಶಾಲೆಗೆ ಉಪಾಧ್ಯಾಯರಿಲ್ಲವೆಂದು ಕಟ್ಟೆಯ ಮೇಲೆ ಕುಳಿತು ಗೊಣಗುವವರು ನೂರು ಮಂದಿ. ಅದನ್ನೇ ಒಂದು ಹಾಳೆಯಲ್ಲಿ ಬರೆದು, ಸಹಿ ಮಾಡಿ, ರಸೀತಿ ಪಡೆದು, ಮೂರು ತಿಂಗಳ ಮೇಲೆ ನೆನಪಿನ ಪತ್ರ ಬರೆದವರು ಎಷ್ಟು ಮಂದಿ?

ಇನ್ನು ಸಂಖ್ಯೆಯ ಮಾತು. 1949ರಲ್ಲಿ ನಡೆದ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಸೂತ್ರವನ್ನು ಒಪ್ಪಿತು. ಇಡೀ ಶಾಲೆಯಲ್ಲಿ 40 ಮಕ್ಕಳು, ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಅಲ್ಪಸಂಖ್ಯಾತ ಭಾಷೆಯವರಿದ್ದರೆ, ಕೊನೆಯ ಪಕ್ಷ ಒಬ್ಬ ಉಪಾಧ್ಯಾಯರನ್ನು ನೇಮಿಸಿ ಆ ಭಾಷೆಯಲ್ಲಿ ಕಲಿಸಬೇಕು ಎಂಬುದು ಆ ಸೂತ್ರ. 1956ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ರಕ್ಷಣೋಪಾಯಗಳ ಪತ್ರಕ್ಕೆ ಇದೇ ಆಧಾರ. ಹತ್ತು ಮಕ್ಕಳು! ಕನ್ನಡದ ಗಡಿಯನ್ನು ಕಾಯುತ್ತಿರುವುದು ಸಿಪಾಯಿಗಳಲ್ಲ, ಮಹಾಕವಿಗಳೂ ಅಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿರುವ ಈ ಹತ್ತು ಮಕ್ಕಳು. ಹತ್ತರಲ್ಲಿ ಒಬ್ಬ ಬಿಟ್ಟರೆ ಒಂಬತ್ತಾಗುತ್ತದೆ, ಒಂಬತ್ತಾದರೆ ಕಡತದಲ್ಲಿ ಟಿಪ್ಪಣಿ ಬೀಳುತ್ತದೆ, ಟಿಪ್ಪಣಿ ಬಿದ್ದರೆ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಉಳಿದ ಒಂಬತ್ತು ಮಂದಿಯೂ ಚದರುತ್ತಾರೆ. ಶಾಲೆ ಮುಚ್ಚುವುದು ಹೀಗೆ. ಯಾವ ಶತ್ರುವೂ ಬಂದು ಬೀಗ ಹಾಕುವುದಿಲ್ಲ.

ಇದಕ್ಕೆ ಈಚಿನ ಸಾಕ್ಷ್ಯವೂ ಉಂಟು. 2019ರ ನವೆಂಬರ್‌ನಲ್ಲಿ ಆಂಧ್ರ ಪ್ರದೇಶದ ಸರ್ಕಾರ 2020-21ನೆಯ ಸಾಲಿನಿಂದ ಸರ್ಕಾರಿ ಶಾಲೆಗಳ 1ರಿಂದ 6ನೆಯ ತರಗತಿಯವರೆಗೆ ಇಂಗ್ಲಿಷ್ ಮಾಧ್ಯಮವನ್ನು ಕಡ್ಡಾಯ ಮಾಡಲು ಆದೇಶ ಹೊರಡಿಸಿತು. ಕೆಲವರು ಪೌರರು ಹೈಕೋರ್ಟಿಗೆ ಹೋದರು. 2020ರ ಏಪ್ರಿಲ್‌ನಲ್ಲಿ ಹೈಕೋರ್ಟು ಆದೇಶವನ್ನು ರದ್ದುಗೊಳಿಸಿತು. ಪೌರನ ಒಂದು ಅರ್ಜಿಗೆ ಎಷ್ಟು ಬಲವಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ. ಆದರೆ ಅದರ ಮುಂದಿನ ಅಧ್ಯಾಯವನ್ನೂ ಓದಬೇಕು. ಅನಂತರ ಪೋಷಕರ ಇಚ್ಛೆಯನ್ನು ಬರೆಸಿಕೊಂಡಾಗ ರಾಜ್ಯದ ಬಹುಪಾಲು ಪೋಷಕರು ಇಂಗ್ಲಿಷ್ ಮಾಧ್ಯಮವನ್ನೇ ಕೇಳಿದರೆಂದು ಸರ್ಕಾರ ಪ್ರಕಟಿಸಿತು. ನ್ಯಾಯಾಲಯದಲ್ಲಿ ಗೆದ್ದದ್ದನ್ನು ಮನೆಯ ಜಗಲಿಯ ಮೇಲೆ ಬಿಟ್ಟುಕೊಟ್ಟಂತಾಯಿತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. "ಬಡವನ ಮಗನಿಗೆ ಕನ್ನಡದಿಂದ ಅನ್ನ ಹುಟ್ಟುವುದೆ? ಶ್ರೀಮಂತರ ಮಕ್ಕಳು ಇಂಗ್ಲಿಷ್ ಕಲಿತು ಉದ್ಯೋಗ ಹಿಡಿಯುವರು. ನಮ್ಮ ಮಕ್ಕಳು ಭಾಷಾಭಿಮಾನ ಹೊತ್ತುಕೊಂಡು ಹತ್ತಿ ಬಿಡಿಸಬೇಕೆ?" ಎಂದು ತಂದೆತಾಯಿಗಳು ಕೇಳುವರು. ಈ ಪ್ರಶ್ನೆಯಲ್ಲಿ ನೋವಿದೆ, ಸತ್ಯವೂ ಇದೆ. ನಾವು ಹೇಳುವುದಿಷ್ಟೆ. ಇಂಗ್ಲಿಷನ್ನು ಚೆನ್ನಾಗಿ ಕಲಿಸಲಿ. ಮೊದಲ ತರಗತಿಯಿಂದಲೇ ಒಂದು ಭಾಷೆಯಾಗಿ ಕಲಿಸಲಿ. ಆದರೆ ಎಣಿಸುವುದನ್ನು, ಯೋಚಿಸುವುದನ್ನು, ಪ್ರಶ್ನೆ ಕೇಳುವುದನ್ನು ಮಗು ತನ್ನ ಮನೆಯ ಮಾತಿನಲ್ಲಿಯೇ ಮೊದಲು ಕಲಿಯಬೇಕು. ಅರ್ಥವಾಗದ ಮಾತಿನಲ್ಲಿ ಉರು ಹೊಡೆದ ಮಗು ಇಂಗ್ಲಿಷನ್ನೂ ಕಲಿಯುವುದಿಲ್ಲ, ಗಣಿತವನ್ನೂ ಕಲಿಯುವುದಿಲ್ಲ. ಸುಮ್ಮನಿರುವುದನ್ನು ಮಾತ್ರ ಕಲಿಯುತ್ತದೆ. ಸುಮ್ಮನಿರಲು ಕಲಿತ ಮಗುವೇ ಮುಂದೆ ಸುಮ್ಮನಿರುವ ಪ್ರಜೆಯಾಗುತ್ತದೆ. ಪೌರತ್ವಕ್ಕೂ ಮಾತೃಭಾಷೆಗೂ ಇರುವ ಸಂಬಂಧ ಇದೇ.

ಇದರ ಜೊತೆಗೆ ಇನ್ನೊಂದು ಮಾತು. ಅತಿ ಅಭಿಮಾನಿಗಳಿಗೆ ಇದು ರುಚಿಸಲಾರದು. ಈ ಸೀಮೆಯ ಕನ್ನಡದ ಮಗುವಿಗೆ ತೆಲುಗು ಚೆನ್ನಾಗಿ ಬರಬೇಕು. ಹೊಲದ ಪಹಣಿ, ಠಾಣೆಯ ದೂರು, ಆಸ್ಪತ್ರೆಯ ಚೀಟಿ, ಬಸ್ಸಿನ ಫಲಕ ಎಲ್ಲವೂ ಆ ಭಾಷೆಯಲ್ಲಿ ನಡೆಯುತ್ತಿರುವಾಗ ತೆಲುಗನ್ನು ದೂರವಿಟ್ಟು ಬೆಳೆದ ಮಗು ಮಧ್ಯವರ್ತಿಗಳ ಕೈಗೊಂಬೆಯಾದೀತು. ನಮ್ಮ ಎರಡು ಲಿಪಿಗಳು ಒಂದೇ ಬಳ್ಳಿಯ ಕಾಯಿಗಳು. ಕನ್ನಡ ಬಲ್ಲ ಹುಡುಗನಿಗೆ ತೆಲುಗಿನ ಅಕ್ಷರ ಕೆಲವೇ ವಾರಗಳ ಕೆಲಸ. ನೆರೆಯವನ ಭಾಷೆಯನ್ನು ಕಲಿತವನಿಗೆ ತನ್ನ ಭಾಷೆ ಸವೆಯುವುದಿಲ್ಲ. ನಮ್ಮ ಹಿರಿಯರು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ನೆರೆಹೊರೆಯಲ್ಲಿ ಉರ್ದು ಆಡಿಕೊಂಡು ಯಾವ ಭಾಷೆಯನ್ನೂ ಕೆಡಿಸದೆ ಬಾಳಿದರು.

ಕನ್ನಡ ಸಂಘಗಳ ಪದಾಧಿಕಾರಿಗಳಿಗೂ ಒಂದು ಮಾತು ಹೇಳದಿದ್ದರೆ ಈ ಲೇಖನ ಅರ್ಧವಾದೀತು. ವೇದಿಕೆಯ ಮೇಲೆ ನಿಂತು ಬಡವರ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಬೇಕೆಂದು ಉಪದೇಶಿಸುವವರಲ್ಲಿ ತಮ್ಮ ಮಕ್ಕಳನ್ನು ಅಲ್ಲಿಗೆ ಕಳುಹಿಸಿದವರನ್ನು ಎಣಿಸಲು ಒಂದು ಕೈಯ ಬೆರಳು ಸಾಕು. ಪರರ ಮಕ್ಕಳಿಂದ ತನ್ನ ಭಾಷಾವ್ರತವನ್ನು ಮಾಡಿಸುವುದು ಯಾವ ಧರ್ಮ? ಶಾಲು, ಹಾರ, ನೆನಪಿನ ಕಾಣಿಕೆಗಳಿಗೆ ಖರ್ಚಾಗುವ ಹಣದಲ್ಲಿ ಅರ್ಧವನ್ನು ಹತ್ತು ಮಕ್ಕಳ ಓದಿಗೆ ಕೊಟ್ಟರೆ ನವೆಂಬರ್ 1ರ ಮೆರವಣಿಗೆ ಚಿಕ್ಕದಾದೀತು, ಶಾಲೆ ಉಳಿದೀತು.

ಮಕ್ಕಳು ಶಾಲೆಯಿಂದ ಕಾಣೆಯಾಗುವುದಕ್ಕೆ ಭಾಷೆಗಿಂತ ದೊಡ್ಡ ಕಾರಣ ಇನ್ನೊಂದಿದೆ, ಅದು ಹಸಿವು. ಮಳೆಯನ್ನು ನಂಬಿದ ಭೂಮಿ ನಮ್ಮದು. ಬೆಳೆ ಕೈಸೇರಿದ ಮೇಲೆ, ಅಥವಾ ಕೈಗೆ ಹತ್ತದೆ ಹೋದ ಮೇಲೆ, ಕೂಲಿಯವರ ಸಂಸಾರಗಳು ಮೂಟೆ ಕಟ್ಟಿಕೊಂಡು 'ಸುಗ್ಗಿ'ಗೆ ಹೊರಡುತ್ತವೆ. ಗುಂಟೂರಿನ ಕಡೆಗೆ ಮೆಣಸಿನಕಾಯಿ ಮತ್ತು ಹತ್ತಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. ಸುಗ್ಗಿ ಎಂಬ ಮಾತು ಕನ್ನಡದಲ್ಲಿ ಎಷ್ಟು ಸಂತೋಷದ ಮಾತು! ರಾಶಿ, ಕಣ, ಹಬ್ಬ ಎಲ್ಲವನ್ನೂ ನೆನಪಿಗೆ ತರುವ ಮಾತು. ನಮ್ಮ ಸೀಮೆಯಲ್ಲಿ ಆ ಮಾತಿಗೆ ಊರು ಬಿಡುವುದೆಂಬ ಅರ್ಥ ಬಂದಿದೆ. ತಂದೆತಾಯಿಗಳ ಹಿಂದೆ ಮಕ್ಕಳೂ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಸಾಲುಗಟ್ಟುತ್ತವೆ. ಮಾರ್ಚ್ ತಿಂಗಳಲ್ಲಿ ಪರೀಕ್ಷೆಗೆ ಬೆಂಚುಗಳೇ ಕುಳಿತಿರುತ್ತವೆ.

2002ರ 86ನೆಯ ತಿದ್ದುಪಡಿ 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕಾಗಿ ಮಾಡಿತು. ಅದೇ ತಿದ್ದುಪಡಿ ತಂದೆತಾಯಿಗಳಿಗೆ ಮತ್ತು ಪೋಷಕರಿಗೆ ಆ ಶಿಕ್ಷಣದ ಅವಕಾಶ ಒದಗಿಸುವ ಕರ್ತವ್ಯವನ್ನೂ ಹೇರಿತು. 1976ರಲ್ಲಿ 51-ಎ ಅನುಚ್ಛೇದದಲ್ಲಿ ಸೇರಿದ ಹತ್ತು ಮೂಲಭೂತ ಕರ್ತವ್ಯಗಳಿಗೆ ಇದು ಹನ್ನೊಂದನೆಯದಾಯಿತು. ಹೊಟ್ಟೆಗಿಲ್ಲದ ತಾಯಿಗೆ ಕರ್ತವ್ಯ ಬೋಧಿಸುವುದು ಸುಲಭ; ಆದರೆ ಆ ಕರ್ತವ್ಯ ನೆರವೇರುವಂತೆ ಮಾಡುವುದು ಊರಿನ ಕೆಲಸ. ಸುಗ್ಗಿಗೆ ಹೊರಡುವ ಮನೆಗಳ ಪಟ್ಟಿಯನ್ನು ದಸರೆಯ ವೇಳೆಗೇ ಸಿದ್ಧಪಡಿಸುವುದು, ಹಂಗಾಮಿ ವಸತಿನಿಲಯಕ್ಕಾಗಿ ಕಾಲಕ್ಕೆ ಮುಂಚೆ ಅರ್ಜಿ ಹಾಕುವುದು, ಅಜ್ಜಿಯ ಬಳಿ ಉಳಿದ ಮಗುವಿಗೆ ಸಂಜೆ ಒಂದು ತಾಸು ಪಾಠ ಹೇಳುವುದು, ಊರಲ್ಲೇ ಕೆಲಸ ಸಿಗುವಂತೆ ಉದ್ಯೋಗ ಖಾತ್ರಿಯ ಬೇಡಿಕೆಯನ್ನು ಗ್ರಾಮಸಭೆಯಲ್ಲಿ ಬರೆಸುವುದು ಇವೆಲ್ಲ ದೇಶಭಕ್ತಿಯ ಕೆಲಸಗಳೇ. ಇವುಗಳಿಗೆ ಮೈಕು ಬೇಡ, ಹಾರ ಬೇಡ. ಆದುದರಿಂದಲೇ ಇವು ಯಾರಿಗೂ ಬೇಡವಾಗಿವೆ.

ದೇಶವೆಂದರೆ ನೆಲವಷ್ಟೇ ಅಲ್ಲ, ನೀರೂ ಹೌದು. ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟೆಯಿಂದ ಹೊರಡುವ ಬಲದಂಡೆಯ ಕೆಳಮಟ್ಟದ ಕಾಲುವೆ ಬಳ್ಳಾರಿ, ಸಿರುಗುಪ್ಪ ಸೀಮೆಗಳನ್ನು ದಾಟಿ ನಮ್ಮ ಕಡೆಗೆ ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಆ ಅಣೆಕಟ್ಟೆಯ 19ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ, ಕರ್ನಾಟಕದ ರೈತನೂ ಆಂಧ್ರದ ರೈತನೂ ತೆಲಂಗಾಣದ ರೈತನೂ ಒಂದೇ ರಾತ್ರಿ ನಿದ್ದೆಗೆಟ್ಟರು. ತಾತ್ಕಾಲಿಕ ಗೇಟನ್ನು ಕೂರಿಸಿದ ದಿನ ಮೂರು ರಾಜ್ಯಗಳೂ ಒಟ್ಟಿಗೆ ನಿಟ್ಟುಸಿರು ಬಿಟ್ಟವು. ಅಪಾಯ ಬಂದಾಗ ಇರುವ ಈ ಐಕ್ಯ ನೀರು ಹರಿಯುವಾಗ ಇರುವುದಿಲ್ಲವಲ್ಲ! ಮೇಲಿನವನು ತೂಬು ಒಡೆದರೆ ಕೆಳಗಿನವನ ಪೈರು ಒಣಗುತ್ತದೆ. ಕೆಳಗಿನವನು ಮೇಲಿನವನನ್ನು ಬಯ್ಯುತ್ತಾನೆ. ಬಯ್ದು ಬಂದು, ತನಗಿಂತ ಕೆಳಗಿನ ಹೊಲದವನಿಗೆ ತಾನೂ ಅದನ್ನೇ ಮಾಡುತ್ತಾನೆ. ರಾತ್ರಿ ಕಾಲುವೆಯ ಏರಿಯ ಮೇಲೆ ಮಾಡುವ ಕೆಲಸದಲ್ಲಿ ತಿಳಿಯುತ್ತದೆ ಒಬ್ಬನ ದೇಶಭಕ್ತಿಯ ಆಳ. ಹಗಲಲ್ಲಿ ಬಾವುಟಕ್ಕೆ ಮಾಡುವ ವಂದನೆಯಿಂದ ಅದು ತಿಳಿಯದು.

ಸ್ವಾತಂತ್ರ್ಯವೆಂಬ ಮಾತನ್ನು ನಮ್ಮಲ್ಲಿ ತಪ್ಪಾಗಿ ತಿಳಿದವರ ಇನ್ನೊಂದು ಉದಾಹರಣೆಯನ್ನು ಹೇಳಲು ನಾವು ಅಂಜುವುದಿಲ್ಲ. ನಮ್ಮ ಹೊಳಗುಂದ ಮಂಡಲದ ದೇವರಗಟ್ಟಿನಲ್ಲಿ ವಿಜಯದಶಮಿಯ ರಾತ್ರಿ ಮಾಳ ಮಲ್ಲೇಶ್ವರನ ಬನ್ನಿ ಉತ್ಸವ ನಡೆಯುತ್ತದೆ. ಆಂಧ್ರದಿಂದಲೂ ಕರ್ನಾಟಕದಿಂದಲೂ ಜನ ಬರುತ್ತಾರೆ. ಗಡಿಯನ್ನು ಲೆಕ್ಕಿಸದ ಈ ಭಕ್ತಿಯನ್ನು ನಾವು ಗೌರವಿಸುತ್ತೇವೆ. ಆದರೆ ಕಬ್ಬಿಣದ ಕಟ್ಟು ಬಿಗಿದ ಕೋಲುಗಳನ್ನು ಹಿಡಿದು ಊರು ಊರುಗಳು ಕಾದಾಡಿ, ವರ್ಷವರ್ಷವೂ ಹಲವರ ತಲೆ ಒಡೆದು, ಕೆಲವು ವರ್ಷ ಪ್ರಾಣಗಳೂ ಹೋಗುವುದನ್ನು ಸಂಪ್ರದಾಯವೆಂದು ಹೊಗಳಲು ನಮ್ಮಿಂದಾಗದು. ಪೊಲೀಸರು ಬಂದರೆ "ನಮ್ಮ ಸ್ವಾತಂತ್ರ್ಯಕ್ಕೆ ಅಡ್ಡಿ" ಎನ್ನುವರು. ನೆರೆಯವನ ತಲೆಯವರೆಗೆ ನೀಳುವ ಸ್ವಾತಂತ್ರ್ಯವನ್ನು ಯಾವ ಸಂವಿಧಾನವೂ ಕೊಟ್ಟಿಲ್ಲ. ಹಿಂಸೆಯನ್ನು ತ್ಯಜಿಸುವುದೂ ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದೂ ಅದೇ 51-ಎ ಅನುಚ್ಛೇದದ ಕರ್ತವ್ಯಗಳಲ್ಲಿ ಸೇರಿವೆ. ಜಾತ್ರೆ ನಡೆಯಲಿ, ಪಂಜು ಉರಿಯಲಿ, ದೇವರು ಬೆಟ್ಟ ಇಳಿಯಲಿ. ರಕ್ತ ಬೀಳದಿದ್ದರೆ ಮಲ್ಲೇಶ್ವರನು ಮುನಿಯುವನೆಂದು ಹೇಳುವವರು ದೇವರನ್ನು ಬಹಳ ಸಣ್ಣವನನ್ನಾಗಿ ಮಾಡಿದ್ದಾರೆ. ಇದನ್ನು ಪೊಲೀಸರು ತಿದ್ದಲಾರರು. ಆ ಊರುಗಳ ಶಾಲೆಗಳಲ್ಲಿ ಓದುತ್ತಿರುವ ಹುಡುಗರು ತಿದ್ದಬಲ್ಲರು.

ಚುನಾವಣೆಯ ಮಾತನ್ನು ಎರಡೇ ವಾಕ್ಯದಲ್ಲಿ ಮುಗಿಸುತ್ತೇವೆ. ಮತವನ್ನು ನೋಟಿಗೆ ಮಾರಿದವನು ಐದು ವರ್ಷದ ದೂರುವ ಹಕ್ಕನ್ನೂ ಅದರ ಜೊತೆಯಲ್ಲಿಯೇ ಮಾರಿರುತ್ತಾನೆ. ಕೊಂಡವನು ತಾನು ಕೊಟ್ಟ ಬೆಲೆಯನ್ನು ಶಾಲೆಯ ಗೋಡೆಯಿಂದಲೋ ರಸ್ತೆಯ ಜಲ್ಲಿಯಿಂದಲೋ ವಸೂಲು ಮಾಡುತ್ತಾನೆ.

ಇವೆಲ್ಲ ಹೊಸ ಬೋಧನೆಗಳೆಂದು ವಿದ್ಯಾರ್ಥಿಗಳು ತಿಳಿಯಬಾರದು. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿ ನಮ್ಮ ಸುತ್ತಲಿನ ಬಂಡೆಗಳ ಮೇಲೆಯೇ ಇವುಗಳಲ್ಲಿ ಕೆಲವನ್ನು ಬರೆಯಿಸಿದ್ದಾನೆ. ನಮ್ಮ ಕರ್ನೂಲು ಜಿಲ್ಲೆಯಲ್ಲಿ ಎರ್ರಗುಡಿ ಮತ್ತು ರಾಜುಲ ಮಂಡಗಿರಿಯ ಶಾಸನಗಳು. ಗೆರೆಯ ಆಚೆ ಬಳ್ಳಾರಿ ಜಿಲ್ಲೆಯಲ್ಲಿ ನಿಟ್ಟೂರು ಮತ್ತು ಉಡೆಗೊಳದ ಶಾಸನಗಳು. ತಾಯಿತಂದೆಗಳ ಮಾತು ಕೇಳಬೇಕು, ಹಿರಿಯರನ್ನು ಗೌರವಿಸಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನಾಡಬೇಕು, ಶಿಷ್ಯರು ಗುರುಗಳನ್ನು ಆದರಿಸಬೇಕು ಎಂಬುದು ಅವುಗಳ ಸಾರ. ಎರ್ರಗುಡಿಯ ಶಾಸನದಲ್ಲಿ ಅರಸನು ಗುರುಗಳಿಗೂ ಅಪ್ಪಣೆ ಮಾಡಿದ್ದಾನೆ: ಈ ನಡತೆಯನ್ನು ತಮ್ಮ ಶಿಷ್ಯರಿಗೆ ಕಲಿಸಬೇಕೆಂದು. ಆ ಕಾಲದಲ್ಲಿ ಇಲ್ಲಿ ಗಡಿಯಿರಲಿಲ್ಲ. ನಾವು ಈಗ ಆಡುವ ಕನ್ನಡ ತೆಲುಗುಗಳ ಬರಹವೂ ಇರಲಿಲ್ಲ. ಶಾಸನಗಳು ಬ್ರಾಹ್ಮೀಲಿಪಿಯ ಪ್ರಾಕೃತದಲ್ಲಿವೆ. ರಾಜ್ಯಗಳು ಬಂದವು, ಹೋದವು. ಬಂಡೆಯ ಮೇಲಿನ ಹೊಣೆಗಾರಿಕೆ ಹಾಗೆಯೇ ಇದೆ. ಒಂದೇ ವ್ಯತ್ಯಾಸ. ಅಂದು ಅರಸನು ಅಪ್ಪಣೆ ಮಾಡಿದ್ದರಿಂದ ಪ್ರಜೆ ಪಾಲಿಸಬೇಕಾಗಿತ್ತು. ಇಂದು ಅಪ್ಪಣೆ ಮಾಡುವವನೂ ಪಾಲಿಸುವವನೂ ಒಬ್ಬನೇ. ಅವನಿಗೆ ಪೌರನೆಂದು ಹೆಸರು.

ಉಪಾಧ್ಯಾಯ ಬಂಧುಗಳ ಮುಂದೆ ಬಂದಿರುವ ಒಂದು ಹೊಣೆಯನ್ನು ಕೊನೆಯಲ್ಲಿ ಹೇಳುತ್ತೇವೆ. 2011ರ ಅನಂತರದ ಜನಗಣತಿಗೆ 2027ರ ಮಾರ್ಚ್ 1 ಗಣನೆಯ ದಿನವೆಂದು ಭಾರತ ಸರ್ಕಾರ 2025ರ ಜೂನ್‌ನಲ್ಲಿ ಪ್ರಕಟಿಸಿತು. ಗಣತಿದಾರರಾಗಿ ಮನೆಮನೆಗೆ ಹೋಗುವವರಲ್ಲಿ ಹೆಚ್ಚಿನವರು ಉಪಾಧ್ಯಾಯರೇ. ಗಣತಿಯಲ್ಲಿ ಪ್ರತಿಯೊಬ್ಬರ ಮಾತೃಭಾಷೆಯನ್ನು ಕೇಳುವ ರೂಢಿಯಿದೆ. "ಇರುವುದು ಆಂಧ್ರ, ತೆಲುಗು ಎಂದೇ ಬರೆದುಕೊಳ್ಳಿ" ಎಂದು ಉದಾಸೀನದಿಂದ ಹೇಳುವ ಮನೆಯವನು ತನ್ನ ತಾಯಿಯ ಹೆಸರನ್ನು ತಪ್ಪಾಗಿ ಬರೆಸಿದಂತಾಯಿತು. ಆ ಒಂದು ಪದದ ಮೇಲೆ ಮುಂದಿನ ಎಷ್ಟೋ ವರ್ಷಗಳ ಶಾಲೆ, ಹುದ್ದೆ, ಪುಸ್ತಕಗಳ ವಾದ ನಿಲ್ಲುತ್ತದೆ. ಇದರ ಜೊತೆಯಲ್ಲಿಯೇ ಹೇಳಬೇಕು: ಕನ್ನಡದ ಸಂಖ್ಯೆ ಹೆಚ್ಚಲೆಂದು ಉರ್ದುವಿನ ಮನೆಯನ್ನೋ ಲಂಬಾಣಿಯ ತಾಂಡವನ್ನೋ ತೆಲುಗಿನ ಮನೆಯನ್ನೋ ಕನ್ನಡವೆಂದು ಬರೆಯುವುದು ಅಷ್ಟೇ ದೊಡ್ಡ ಅಪರಾಧ. ಸುಳ್ಳಿನ ಮೇಲೆ ನಿಂತ ಭಾಷಾಭಿಮಾನ ನಮಗೆ ಬೇಡ. ಅವರವರ ತಾಯಿಯ ಹೆಸರನ್ನು ಅವರವರು ಹೇಳಲಿ. ಹೇಳಿದ್ದನ್ನು ಹೇಳಿದಂತೆ ಬರೆದುಕೊಳ್ಳುವುದು ಗಣತಿದಾರನ ಧರ್ಮ.

ವಿದ್ಯಾರ್ಥಿ ಮಿತ್ರರೇ, ನಿಮಗೆ ಮತವಿಲ್ಲ, ಅಧಿಕಾರವಿಲ್ಲ, ಹಣವಿಲ್ಲ. ಆದರೆ ನಿಮ್ಮ ಮನೆಯಲ್ಲಿ ಅಕ್ಷರ ಬಲ್ಲವರು ನೀವೇ ಆಗಿರಬಹುದು. ತಾತನ ಪಿಂಚಣಿಯ ಅರ್ಜಿಯನ್ನು ನಿಮ್ಮ ಕೈಯಿಂದ ಬರೆಯಿರಿ. ಗ್ರಾಮಸಭೆ ಯಾವ ದಿನವೆಂದು ತಿಳಿದು ಅಪ್ಪನನ್ನು ಕಳುಹಿಸಿರಿ, ಅವ್ವನನ್ನೂ ಕಳುಹಿಸಿರಿ. ಪಕ್ಕದ ಬೆಂಚಿನ ಗೆಳೆಯ ಮೂರು ದಿನ ಬಾರದಿದ್ದರೆ ನಾಲ್ಕನೆಯ ದಿನ ಅವನ ಮನೆಗೆ ಹೋಗಿರಿ. ಸಂವಿಧಾನದ ಕನ್ನಡ ಅನುವಾದ ಶಾಲೆಯ ಪುಸ್ತಕದ ಪೆಟ್ಟಿಗೆಯಲ್ಲಿ ಇದೆಯೇ ಎಂದು ಗುರುಗಳನ್ನು ಕೇಳಿರಿ. ಇಲ್ಲದಿದ್ದರೆ ತರಿಸುವವರೆಗೂ ಕೇಳಿರಿ. ಕೇಳುವುದು ಅವಿಧೇಯತೆಯಲ್ಲ, ಪೌರತ್ವದ ಮೊದಲ ಪಾಠ.

ಗುರುಗಳಿಗೆ ನಮ್ಮ ವಿನಂತಿ ಇನ್ನೂ ಚಿಕ್ಕದು. ಮುಂದಿನ ಆಗಸ್ಟ್ 15ರಂದು ಭಾಷಣಕ್ಕೆ ಬರುವ ಗಣ್ಯರಿಗೆ ಮಾತಿನ ನಡುವೆ ಮೂರು ಪ್ರಶ್ನೆಗಳನ್ನು ಮಕ್ಕಳ ಬಾಯಿಂದ ಕೇಳಿಸಿರಿ. ನಮ್ಮ ಶಾಲೆಯಲ್ಲಿ ಈ ವರ್ಷ ಎಷ್ಟು ಮಕ್ಕಳು? ಕಳೆದ ವರ್ಷ ಎಷ್ಟಿದ್ದರು? ಉಳಿದವರು ಎಲ್ಲಿ? ಇವುಗಳಿಗೆ ಉತ್ತರ ಬಲ್ಲವನು ಬಾವುಟದ ಹಗ್ಗವನ್ನು ಎಳೆಯಲಿ. ಬಲ್ಲವರು ಯಾರೂ ಸಿಗದಿದ್ದರೆ ಆ ಶಾಲೆಯ ಹತ್ತನೆಯ ಮಗುವಿನ ಕೈಗೆ ಹಗ್ಗವನ್ನು ಕೊಡಿರಿ. ಆ ಸೀಮೆಯಲ್ಲಿ ಗಣರಾಜ್ಯವನ್ನು ನಿಜವಾಗಿ ಎತ್ತಿ ಹಿಡಿದಿರುವುದು ಆ ಕೈಯೇ.